ಕಥೋಲಿಕರೂ ಪ್ರೊಟೆಸ್ಟೆಂಟರೂ ಒಟ್ಟಿಗೆ ಕೂತು ರಕ್ಷಣೆಯ ಬಗ್ಗೆ ಓದುವುದು ಹೇಗೆ

ಮಂಗಳೂರಿಗೆ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಅಂದಿನಿಂದ ಅಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದಾರೆ. ಆದರೂ ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ, ವಿಷಯ ಎತ್ತಿದರೆ ಹತ್ತು ನಿಮಿಷದಲ್ಲಿ ಮಾತು ಜಪಮಾಲೆಗೋ ಪೋಪರಿಗೋ ಹೊರಳುತ್ತದೆ, ಮೂಲ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಅದನ್ನು ತಪ್ಪಿಸಲು ಮೂರು ಸಂಜೆ, ತಲಾ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆರರಿಂದ ಎಂಟು ಜನ ಸಾಕು, ಎರಡೂ ಕಡೆಯವರು ಸಮಸಮ ಇರಲಿ. ಒಂದು ನಿಯಮ ಮಾತ್ರ ಸಡಿಲಿಸಬೇಡಿ: ಯಾರ ನಂಬಿಕೆಯನ್ನೇ ಆಗಲಿ ಅವರದೇ ದಾಖಲೆಯಿಂದ ಓದಬೇಕು. ಎದುರು ಪಕ್ಷದ ಸಾರಾಂಶ ನಂಬಿ ಕೂತರೆ ಕೆಲಸ ಅಲ್ಲಿಗೇ ಕೆಟ್ಟಿತು.

ಮೊದಲ ಸಂಜೆ ಪದಗಳಿಗೆ ಮೀಸಲು. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡು ಬದಿಗೂ ಬರೆಯಿರಿ. ಚರ್ಚ್ ಸಮುದಾಯಕ್ಕೆ ಕಥೋಲಿಕರು ‘ಧರ್ಮಸಭೆ’ ಎನ್ನುವುದನ್ನು ಪ್ರೊಟೆಸ್ಟೆಂಟರು ‘ಸಭೆ’ ಎನ್ನುತ್ತಾರೆ. ‘ವರಪ್ರಸಾದ’ದ ಎದುರು ‘ಕೃಪೆ’, ‘ಜೀವೋದ್ಧಾರ’ದ ಎದುರು ‘ರಕ್ಷಣೆ’. ಇವು ಬರೀ ಹೆಸರಿನ ವ್ಯತ್ಯಾಸ. ನಿಜವಾದ ಗಂಟು ಇರುವುದು ‘ನೀತಿವಂತ’ ಎಂಬ ಪದದಲ್ಲಿ. ಪ್ರೊಟೆಸ್ಟೆಂಟ್ ಸುಧಾರಣೆ ಆರಂಭಿಸಿದ ಜರ್ಮನಿಯ ಮಾರ್ಟಿನ್ ಲೂಥರ್ ಅದನ್ನು ನ್ಯಾಯಾಲಯದ ತೀರ್ಪಿನಂತೆ ಓದಿದರು: ಕ್ರಿಸ್ತನ ನೀತಿಯನ್ನು ಪಾಪಿಯ ಲೆಕ್ಕಕ್ಕೆ ಹಾಕಿ, ದೇವರು ಅವನನ್ನು ನೀತಿವಂತನೆಂದು ಸಾರುತ್ತಾರೆ. ಕಥೋಲಿಕ ಬೋಧನೆಯಲ್ಲಿ ದೇವರು ಸಾರುವುದಷ್ಟೇ ಅಲ್ಲ, ಒಳಗಿನಿಂದ ಅವನನ್ನು ನೀತಿವಂತನನ್ನಾಗಿ ಮಾಡುತ್ತಾರೆ. ಒಬ್ಬರು ತೀರ್ಪಿನ ಬಗ್ಗೆ, ಇನ್ನೊಬ್ಬರು ವಾಸಿಯಾಗುವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ಹೊಳೆಯದೆ ವಾದಕ್ಕೆ ಇಳಿದರೆ ವರ್ಷಗಟ್ಟಲೆ ಕೂತರೂ ಬಗೆಹರಿಯದು.

ಎರಡನೇ ಸಂಜೆ ಎರಡು ವಚನ ಓದಿ: ರೋಮಾಪುರದವರಿಗೆ 3:28, ಯಾಕೋಬ 2:24. ಎಲ್ಲರೂ ತಮ್ಮ ತಮ್ಮ ಬೈಬಲ್ ತರಲಿ. ಮೊದಲ ವಚನದಲ್ಲಿ ‘ನಂಬಿಕೆಯಿಂದ’ ಎಂದಿದೆಯೋ ‘ನಂಬಿಕೆಯಿಂದಲೇ’ ಎಂದಿದೆಯೋ ಬೆರಳಿಟ್ಟು ನೋಡಿ. ಗ್ರೀಕ್ ಮೂಲದಲ್ಲಿ ‘ಮಾತ್ರ’ ಎಂಬ ಪದ ಅಲ್ಲಿಲ್ಲ. ಲೂಥರ್ 1522ರ ಜರ್ಮನ್ ಅನುವಾದದಲ್ಲಿ ಅದನ್ನು ಸೇರಿಸಿದರು, ದೊಡ್ಡ ಗಲಾಟೆಯಾಯಿತು. ಅವರಿಗೆ ಒಂದು ಇಡೀ ಪದ ಬೇಕಾಯಿತು. ನಮ್ಮ ಭಾಷೆಗೆ ಒಂದು ಏಕಾರ ಸಾಕು. ಯಾಕೋಬನಲ್ಲಾದರೆ ‘ಮಾತ್ರ’ ಗ್ರೀಕಿನಲ್ಲೇ ಇದೆ, ಆದರೆ ನಕಾರದ ಜೊತೆ: ನಂಬಿಕೆಯಿಂದ ಮಾತ್ರವಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಪೌಲ ಯಾವ ಕ್ರಿಯೆಗಳನ್ನು ಹೇಳುತ್ತಿದ್ದಾನೆ, ಯಾಕೋಬ ಯಾವ ನಂಬಿಕೆಯನ್ನು ಟೀಕಿಸುತ್ತಿದ್ದಾನೆ ಎಂದು ಕೇಳಿ. ಯಾಕೋಬ 2:19 ದೆವ್ವಗಳೂ ನಂಬುತ್ತವೆ ಎನ್ನುತ್ತದೆ, ಕೀಲಿ ಅಲ್ಲಿದೆ.

ಆಮೇಲೆ ದಾಖಲೆಗಳು. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ (ಲೂಥರನ್ನರ ಮೂಲ ದಾಖಲೆ) 4 ಮತ್ತು 6ನೇ ಕಲಮುಗಳನ್ನು ಒಟ್ಟಿಗೇ ಓದಿ. ನಾಲ್ಕನ್ನೇ ಓದಿದರೆ ‘ಪ್ರೊಟೆಸ್ಟೆಂಟರಿಗೆ ಒಳ್ಳೆಯ ಕೆಲಸ ಬೇಡ’ ಎಂಬ ತಪ್ಪು ಕಲ್ಪನೆ ಬರುತ್ತದೆ. ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು ಎಂದು ಆರು ಹೇಳುತ್ತದೆ. ಲೂಥರನ ಬೋಧನೆಗೆ ಉತ್ತರ ಕೊಟ್ಟ ಕಥೋಲಿಕರ ಟ್ರೆಂಟ್ ಮಹಾಸಭೆಯ ಆರನೇ ಅಧಿವೇಶನದಲ್ಲೂ (1547) ಹಾಗೆಯೇ. ಕೇವಲ ನಂಬಿಕೆಯೆಂಬ ಬೋಧನೆಯನ್ನು ಖಂಡಿಸುವ 9ನೇ ನಿಯಮಕ್ಕೆ ನೆಗೆಯುವ ಮುನ್ನ 1ನೆಯದನ್ನು ಓದಿ: ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ನೀತಿವಂತನಾಗಬಹುದು ಎನ್ನುವವನಿಗೆ ಅದೇ ಮಹಾಸಭೆ ಬಹಿಷ್ಕಾರ ಹಾಕುತ್ತದೆ. ಇಷ್ಟಾದ ಮೇಲೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ ವಿಶ್ವ ಒಕ್ಕೂಟವೂ ಸಹಿ ಮಾಡಿದ ಜಂಟಿ ಘೋಷಣೆಯ 15ನೇ ಪರಿಚ್ಛೇದವನ್ನು ಗಟ್ಟಿಯಾಗಿ ಓದಿ. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ ಎಂದು ಅಲ್ಲಿ ಇಬ್ಬರೂ ಒಪ್ಪಿದ್ದಾರೆ. ಹಾಗೆಂದು ಎಲ್ಲ ಮುಗಿಯಿತು ಎನ್ನಬೇಡಿ: ನೀತಿವಂತನಾದವನಲ್ಲಿ ಪಾಪ ಉಳಿಯುತ್ತದೆಯೇ ಎಂಬಲ್ಲಿ ವ್ಯತ್ಯಾಸ ಇದ್ದೇ ಇದೆ.

ಮೂರನೇ ಸಂಜೆ ಸಭೆ, ಅಂದರೆ ಚರ್ಚ್, ಎಂದರೇನು ಎಂಬ ಪ್ರಶ್ನೆ. ಇಂದಿನ ಗಟ್ಟಿ ಬಿರುಕು ಇರುವುದು ಇಲ್ಲೇ. ಆಗ್ಸ್‌ಬರ್ಗಿನ 7ನೇ ಕಲಮಿನ ಪ್ರಕಾರ ಸುವಾರ್ತೆಯನ್ನು ಶುದ್ಧವಾಗಿ ಬೋಧಿಸಿ ಸಂಸ್ಕಾರಗಳನ್ನು ಸರಿಯಾಗಿ ನಡೆಸುವಲ್ಲಿ ಸಭೆ ಇದೆ, ಐಕ್ಯಕ್ಕೆ ಅಷ್ಟು ಸಾಕು. ಕಥೋಲಿಕರಿಗೆ ಅಷ್ಟು ಸಾಲದು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದಂತೆ ಕ್ರಿಸ್ತನ ಸಭೆ ನೆಲೆಗೊಂಡಿರುವುದು ಪೇತ್ರನ ಉತ್ತರಾಧಿಕಾರಿಯೂ (ಪೋಪ್) ಅವರೊಡನೆ ಅನ್ಯೋನ್ಯದಲ್ಲಿರುವ ಧರ್ಮಾಧ್ಯಕ್ಷರೂ (ಬಿಷಪ್ಪರು) ನಡೆಸುವ ಕಥೋಲಿಕ ಧರ್ಮಸಭೆಯಲ್ಲಿ; ಅದರ ಹೊರಗೂ ಪವಿತ್ರತೆಯ, ಸತ್ಯದ ಅನೇಕ ಅಂಶಗಳಿವೆ. ಈ ಎರಡನೇ ಅರ್ಧವನ್ನು ಬಿಟ್ಟು ಓದುವವರೇ ಹೆಚ್ಚು.

‘ಬಿಷಪ್ ಇರುವುದು ಕಥೋಲಿಕರಿಗೆ ಮಾತ್ರ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ರೂಪುಗೊಂಡ ದಕ್ಷಿಣ ಭಾರತ ಸಭೆಗೂ, ಅಂದರೆ ಸಿಎಸ್‌ಐಗೂ ಬಿಷಪ್ಪರಿದ್ದಾರೆ. ಅಲ್ಲಿಗೆ ಸೇರಿದವರಲ್ಲಿ ಬಿಷಪ್ಪರಿರುವ ಇಂಗ್ಲೆಂಡ್ ಸಭೆಯ ಪರಂಪರೆಯ ಆಂಗ್ಲಿಕನರೂ ಇದ್ದರು. ಬಿಷಪ್ ಎಂಬ ಹುದ್ದೆಗಿಂತ, ಅಪೊಸ್ತಲರಿಂದ ಒಬ್ಬರಿಂದ ಒಬ್ಬರಿಗೆ ಬಂದ ಆ ದೀಕ್ಷೆಯ ಸರಪಳಿ ಸಿಂಧುವೇ ಎಂಬುದು ರೋಮಿನ ಪ್ರಶ್ನೆ. ಕಥೋಲಿಕರ ಬಲಿಪೂಜೆಯಲ್ಲಿ ಪ್ರೊಟೆಸ್ಟೆಂಟರಿಗೆ ಸಾಮಾನ್ಯವಾಗಿ ಪರಮಪ್ರಸಾದ (ಪವಿತ್ರ ರೊಟ್ಟಿ) ಕೊಡದಿರುವುದಕ್ಕೂ ಮೂಲ ಇದೇ. ಪರಮಪ್ರಸಾದ ಪೂರ್ಣ ಐಕ್ಯದ ಗುರುತು, ಆ ಐಕ್ಯ ಇನ್ನೂ ಆಗಿಲ್ಲ. ಕಥೋಲಿಕ ಮದುವೆಯ ದಿನ ಪ್ರೊಟೆಸ್ಟೆಂಟ್ ಅತಿಥಿಗಳಿಗೆ ನೋವಾಗದಂತೆ ಇದನ್ನು ಮೊದಲೇ ತಿಳಿಸಿಡಿ.

ಮೇರಿಮಾತೆ, ಸಂತರು, ಶುದ್ಧೀಕರಣ ಸ್ಥಳ ಈ ಮೂರು ಸಂಜೆಗೆ ಬೇಡ. ಬೈಬಲಿನ ಪುಸ್ತಕಗಳು ಕಥೋಲಿಕರೆನ್ನುವಂತೆ 73 ಇವೆಯೋ ಪ್ರೊಟೆಸ್ಟೆಂಟರೆನ್ನುವಂತೆ 66 ಇವೆಯೋ ಎಂಬುದೂ ಬೇಡ.

ಕೊನೆಗೆ ಎಲ್ಲರೂ ತಮ್ಮ ದೀಕ್ಷಾಸ್ನಾನದ ಪ್ರಮಾಣಪತ್ರ ತೆಗೆಯಲಿ. ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ಆಗಿದ್ದರೆ ಕಥೋಲಿಕರು ಅದನ್ನು ಮತ್ತೆ ಕೊಡುವುದಿಲ್ಲ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳು ಸಾಮಾನ್ಯವಾಗಿ ಶಿಶುಗಳಿಗೆ ಕೊಟ್ಟ ದೀಕ್ಷಾಸ್ನಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಡೆಯವರು ಗುಂಪಿನಲ್ಲಿದ್ದರೆ ನಾಲ್ಕನೇ ಸಂಜೆಯೊಂದು ಬೇಕಾಗುತ್ತದೆ.