ತೋಟದ ಮನೆಗೆ ಹೊಂಬಣ್ಣದ ಗೋಡೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳ ನಡುವಿನ ಮನೆಗಳೊಳಗೆ ಬಿಸಿಲು ನೇರವಾಗಿ ಬೀಳುವುದು ಕಡಿಮೆ. ಸೋಗೆಗಳ ಎಡೆಯಿಂದ ಇಳಿದು, ಹಂಚಿನ ಮಾಡಿನ ಅಂಚಿನಡಿಯಲ್ಲಿ ನುಸುಳಿ ಒಳಗೆ ಬರುವ ಬೆಳಕಿಗೆ ತುಸು ಹಸಿರು ಛಾಯೆ ಹತ್ತಿರುತ್ತದೆ. ಇಂಥ ಬೆಳಕಿನಲ್ಲಿ ಬಿಳಿ ಗೋಡೆ, ಅದರಲ್ಲಿಯೂ ಮಳೆಗಾಲದ ಮಧ್ಯಾಹ್ನಗಳಲ್ಲಿ, ಬೂದು ಬಣ್ಣಕ್ಕೆ ತಿರುಗಿ ಮಂಕಾಗಿ ಕಾಣುತ್ತದೆ. ಹೊಂಬಣ್ಣ ಈ ಮಂಕನ್ನು ನೀಗಿಸಬಲ್ಲದು. ಆದರೆ ನಿಂಬೆಯ ಕಡೆಗೆ ವಾಲುವ ಹಳದಿಯನ್ನು ಆರಿಸಿದರೆ ಅದೂ ಹಸಿರಾಗಿ ಕಂಡು, ಕೋಣೆಯಲ್ಲಿ ಕುಳಿತವರ ಮುಖವನ್ನೂ ಕಳೆಗುಂದಿಸುತ್ತದೆ. ನಮಗೆ ಬೇಕಾದದ್ದು ಸ್ವಲ್ಪ ಕೆಂಪು ಬೆರೆತ, ಹಣ್ಣಾದ ಬಕ್ಕೆ ಹಲಸಿನ ಸೊಳೆಯಂಥ ಹಳದಿ.

ಅಂಗಡಿಯ ಬಣ್ಣದ ಕಾರ್ಡಿನಲ್ಲಿ ಮೆಚ್ಚಿದ ಹಳದಿ ಗೋಡೆಯ ಮೇಲೆ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಎದುರುಬದುರಾಗಿರುವ ಗೋಡೆಗಳು ಒಂದರ ಹಳದಿ ಬೆಳಕನ್ನು ಇನ್ನೊಂದರ ಮೇಲೆ ಚೆಲ್ಲುತ್ತಲೇ ಇರುವುದು ಇದಕ್ಕೆ ಕಾರಣ. ಆದ್ದರಿಂದ ನಾಲ್ಕೂ ಗೋಡೆಗಳಿಗೆ ಬಳಿಯುವುದಾದರೆ ಮೆಚ್ಚಿದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸಬೇಕು. ಒಂದೇ ಗೋಡೆಗಾದರೆ ಮೆಚ್ಚಿದ್ದನ್ನೇ ಬಳಿಯಬಹುದು. ಚಿಕ್ಕ ಡಬ್ಬಿಯಲ್ಲಿ ಮಾದರಿ ಬಣ್ಣ ತಂದು ಎರಡಡಿ ಉದ್ದಗಲದ ಪ್ಲೈವುಡ್ ಹಲಗೆಗೆ ಎರಡು ಕೋಟ್ ಬಳಿದು, ಒಣಗಿದ ಮೇಲೆ ಅದನ್ನು ಕಿಟಕಿಯ ಪಕ್ಕ, ಮೂಲೆ, ಬಾಗಿಲ ಹಿಂದೆ ಹೀಗೆ ಬೇರೆ ಬೇರೆ ಕಡೆ ನಿಲ್ಲಿಸಿ ಬೆಳಗ್ಗೆ, ಸಂಜೆ ಮತ್ತು ದೀಪ ಹಾಕಿದ ಮೇಲೆ ನೋಡುವುದು ಒಳ್ಳೆಯದು. ಹಳೆಯ ಬಣ್ಣದ ಗೋಡೆಯ ಮೇಲೆಯೇ ಮಾದರಿ ಬಳಿದರೆ ಸುತ್ತಲಿನ ಬಣ್ಣ ಕಣ್ಣನ್ನು ತಪ್ಪು ದಾರಿಗೆ ಎಳೆಯುತ್ತದೆ.

ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ ಎಂದು ವಿದೇಶಿ ಅಲಂಕಾರ ಪುಸ್ತಕಗಳು ಹೇಳುವ ಮಾತು ನಮಗೆ ಪೂರ್ತಿ ಅನ್ವಯಿಸುವುದಿಲ್ಲ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಅದರಲ್ಲಿ ಹೆಚ್ಚಿನ ದಿನಗಳನ್ನು ಮೋಡ ನುಂಗಿಬಿಡುತ್ತದೆ ಎನ್ನುವುದು ಬೇರೆ ಮಾತು. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಸಮುದ್ರದ ಕಡೆಗೆ ತೆರೆದ ಪಡುವಣ ಕೋಣೆಯಲ್ಲಿ. ಸಂಜೆಯ ಬಿಸಿಲು ಬಿದ್ದಾಗ ಅಲ್ಲಿನ ಹೊಂಬಣ್ಣ ಕಿತ್ತಳೆಗೆ ತಿರುಗಿ ಸೆಕೆಯನ್ನು ಇನ್ನೂ ಹೆಚ್ಚಿಸಿದ ಹಾಗೆ ಅನ್ನಿಸುತ್ತದೆ. ಚಾವಡಿ, ಊಟದ ಕೋಣೆ, ಮಕ್ಕಳು ಓದುವ ಕೋಣೆಗಳಿಗೆ ಈ ಬಣ್ಣ ಸರಿ. ಕಟ್ಟಿಗೆ ಒಲೆಯ ಅಡುಗೆ ಕೋಣೆಗೆ ಬೇಡ, ಮಸಿ ಹಿಡಿದ ಹಳದಿಯಷ್ಟು ಕೊಳಕಾಗಿ ಕಾಣುವ ಬಣ್ಣ ಇನ್ನೊಂದಿಲ್ಲ.

ಬಣ್ಣಕ್ಕಿಂತ ಮೊದಲು ಗೋಡೆಯನ್ನು ನೋಡಿಕೊಳ್ಳಬೇಕು. ನಮ್ಮ ಮನೆಗಳ ಮುರಕಲ್ಲು ತೂತುತೂತಾದ ಕಲ್ಲು. ನೆಲದ ನೀರನ್ನು ಹೀರಿ ಮೇಲಕ್ಕೆ ಎಳೆಯುವುದರಿಂದ ಗೋಡೆಯ ಕೆಳಭಾಗದಲ್ಲಿ ಪಸೆ ಕಾಣಿಸಿಕೊಳ್ಳುತ್ತದೆ, ನೀರಿನೊಡನೆ ಬಂದ ಲವಣ ಹೊರಗೆ ಉಕ್ಕಿ ಬಿಳಿ ಪುಡಿಯಾಗಿ ನಿಲ್ಲುತ್ತದೆ. ಬಿಳಿ ಗೋಡೆಯಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ ಈ ಪುಡಿ ಹೊಂಬಣ್ಣದ ಮೇಲೆ ದೂರದಿಂದಲೇ ಎದ್ದು ಕಾಣುತ್ತದೆ. ಸಂಶಯವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ, ಅದನ್ನು ಸರಿಪಡಿಸದೆ ಯಾವ ದುಬಾರಿ ಪೈಂಟ್ ಹಚ್ಚಿದರೂ ಹಣ ದಂಡ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟು ಗಾಳಿಯಾಡಿಸಿದರೆ ಸಾಕಾಗಬಹುದು. ಉಕ್ಕಿದ ಲವಣವನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಬೂಸ್ಟು ಹಿಡಿದ ಕಡೆ ಬ್ಲೀಚಿಂಗ್ ಪೌಡರಿನ ತಿಳಿನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು ಚೆನ್ನಾಗಿ ಒಣಗಿಸಿ. ಕೈಗವಸು ಇರಲಿ, ಬ್ಲೀಚಿಂಗ್ ನೀರಿನೊಂದಿಗೆ ಆಸಿಡ್ ಅಥವಾ ಬೇರೆ ಕ್ಲೀನರುಗಳನ್ನು ಬೆರೆಸಬೇಡಿ. ತುಲಾ ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಮಾರ್ಚಿನವರೆಗೆ ಈ ಕೆಲಸಕ್ಕೆ ಸರಿಯಾದ ಕಾಲ. ಹೊಸ ಸಿಮೆಂಟು ಸಾರಣೆಯಾದರೆ ಕನಿಷ್ಠ 28 ದಿನ ಕಾಯಬೇಕು, ಏಕೆಂದರೆ ಹಸಿ ಸಿಮೆಂಟಿನ ಕ್ಷಾರ ಕೆಲವು ಹಳದಿ ವರ್ಣದ್ರವ್ಯಗಳನ್ನು ಕೆಡಿಸುತ್ತದೆ.

ಹಳೆಯ ಬಾಗಿಲು, ಕಿಟಕಿಗಳಿಗೆ ಬಳಿದ ಹಳದಿ ಎನಾಮಲ್ ಇದ್ದರೆ ಅದನ್ನು ಒಣ ಸ್ಯಾಂಡ್‌ಪೇಪರಿನಿಂದ ಉಜ್ಜಬಾರದು. ಹಿಂದೆ ಹಳದಿ ಬಣ್ಣಕ್ಕೆ ವಿಷಕಾರಿಯಾದ ಸೀಸದ ಕ್ರೋಮೇಟನ್ನು ಬಳಸುತ್ತಿದ್ದರು. ಮನೆ ಬಳಕೆಯ ಪೈಂಟುಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಮೈಯನ್ನು ಒದ್ದೆ ಮಾಡಿ, ನೀರು ತಾಳುವ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರಸಿ ತೆಗೆಯಬೇಕು. ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಇರುವುದು ಬೇಡ.

ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಯಂತ್ರದಲ್ಲಿ ಬೆರೆಸಿ ಕೊಡುವ ಗಾಢ ಹಳದಿಗಳ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮೊದಲಿನ ಮೂಲ ಪೈಂಟಿನಲ್ಲಿ, ಬಿಳಿಯ ಟೈಟಾನಿಯಂ ಡೈಆಕ್ಸೈಡ್ ತೀರಾ ಕಡಿಮೆ ಇರುವುದರಿಂದ ಅಡಿಯ ಬಣ್ಣ ಇಣುಕುತ್ತದೆ, ಮೂರನೆಯ ಅಥವಾ ನಾಲ್ಕನೆಯ ಕೋಟ್ ಬೇಕಾಗುತ್ತದೆ. ಐರನ್ ಆಕ್ಸೈಡಿನಿಂದ ಮಾಡಿದ ಮಣ್ಣು ಹಳದಿಗಳು ಹಾಗಲ್ಲ. ಅವು ಚೆನ್ನಾಗಿ ಮುಚ್ಚುತ್ತವೆ, ಕ್ಷಾರಕ್ಕೂ ಬಿಸಿಲಿಗೂ ಹೆದರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಆಕ್ಸೈಡ್ ಸ್ಟೇನರಿನಿಂದಲೇ (ಪೈಂಟಿಗೆ ಬೆರೆಸುವ ಬಣ್ಣದಿಂದಲೇ) ತಯಾರಾಗುವ ಹೊಂಬಣ್ಣ ಯಾವುದೆಂದು ಕೇಳಿ ತಿಳಿದುಕೊಳ್ಳುವುದು ಲಾಭಕರ. ನೀಲಿ ಬೆರೆಸಿದ ಸುಣ್ಣ ಹೊಡೆದ ಹಳೆಯ ಗೋಡೆಯಾದರೆ ಸುಣ್ಣವನ್ನು ಕೆರೆದು ತೆಗೆದು, ಕ್ಷಾರ ತಾಳುವ ಪ್ರೈಮರ್ ಎರಡು ಸಲ ಹಚ್ಚಬೇಕು. ಇಲ್ಲವಾದರೆ ಪುಡಿಯಾಗುವ ಸುಣ್ಣದ ಮೇಲೆ ಇಮಲ್ಷನ್ ನಿಲ್ಲುವುದೂ ಇಲ್ಲ, ನೀಲಿಯ ಮೇಲಿನ ತೆಳು ಹಳದಿ ಹಸಿರಾಗಿ ಕಾಣುವುದೂ ತಪ್ಪುವುದಿಲ್ಲ. ಪ್ರೈಮರಿಗೇ ಸ್ವಲ್ಪ ಹಳದಿ ಸ್ಟೇನರ್ ಬೆರೆಸಿಕೊಂಡರೆ ಒಂದು ಕೋಟ್ ಉಳಿತಾಯವಾಗುತ್ತದೆ. ಮೂಲೆ ಮತ್ತು ಅಂಚುಗಳನ್ನು ಬ್ರಷ್ಷಿನಿಂದ ಮುಗಿಸಿ, ಅದು ಒಣಗುವ ಮೊದಲೇ ರೋಲರ್ ಎಳೆಯಬೇಕು. ಕೋಟ್‌ಗಳ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಬಿಡುವುದು ಕಡ್ಡಾಯ. ಸಾರಣೆ ಏರುತಗ್ಗಾಗಿದ್ದರೆ ಹೊಳಪಿಲ್ಲದ ಮ್ಯಾಟ್ ಇಮಲ್ಷನ್ ಒಳ್ಳೆಯದು. ಹಳೆಯ ಗೋಡೆಯ ಒರಟನ್ನು ಪುಟ್ಟಿ ಹಾಕಿ ಕನ್ನಡಿ ಮಾಡಹೊರಟರೆ ಮನೆಯ ಅಂದವೇ ಹೋಗುತ್ತದೆ.

ಹನ್ನೆರಡಡಿಗೆ ಹತ್ತಡಿಯ, ಹತ್ತಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿ ಕಳೆದು ಸುಮಾರು 380 ಚದರಡಿ ಗೋಡೆ ಇರುತ್ತದೆ. ಒರಟು ಸಾರಣೆಗೆ ಎರಡು ಕೋಟಿನ ಲೆಕ್ಕದಲ್ಲಿ ಲೀಟರಿಗೆ 100 ಚದರಡಿ ಎಂದಿಟ್ಟುಕೊಂಡರೆ ನಾಲ್ಕು ಲೀಟರ್, ಮೂರನೆಯ ಕೋಟಿಗೆ ಇನ್ನೆರಡು. ಎಲ್ಲವನ್ನೂ ಒಟ್ಟಿಗೇ ತಂದು ದೊಡ್ಡ ಬಕೆಟಿನಲ್ಲಿ ಕಲಸಿಕೊಂಡರೆ ಡಬ್ಬಿಯಿಂದ ಡಬ್ಬಿಗೆ ಬರುವ ಸಣ್ಣ ವ್ಯತ್ಯಾಸ ಗೋಡೆಯ ಮೇಲೆ ಕಾಣಿಸುವುದಿಲ್ಲ.

ಕೆಂಪು ಆಕ್ಸೈಡಿನ ನೆಲ ಹೊಂಬಣ್ಣಕ್ಕೆ ಒಳ್ಳೆಯ ಜೊತೆ, ಆದರೆ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಪ್ರತಿಫಲಿಸುವುದರಿಂದ ಅಲ್ಲಿ ಬಣ್ಣ ಇನ್ನೂ ಬೆಚ್ಚಗಾಗಿ ಕಾಣುತ್ತದೆ. ತಿಳಿಯ ಛಾಯೆಯೇ ಸಾಕು. ಹೊಸ ಟಾರಸಿ ಮನೆಗಳ ಬಿಳಿ ವಿಟ್ರಿಫೈಡ್ ನೆಲಕ್ಕೆ ಸ್ವಲ್ಪ ಗಾಢವಾದುದು ಒಪ್ಪುತ್ತದೆ. ಪಾಲಿಶ್ ಮಾಡಿದ ಹಲಸಿನ ಮರದ ದಾರಂದ ತಾನೇ ಹಳದಿಗಂದಾಗಿರುವುದರಿಂದ ಅದೇ ಬಣ್ಣದ ಗೋಡೆಯಲ್ಲಿ ಕಳೆದುಹೋಗುತ್ತದೆ. ಅದರ ಸುತ್ತ ಎರಡಂಗುಲ ಅಗಲದ ಕೆನೆಬಿಳಿ ಪಟ್ಟಿ ಬಿಟ್ಟರೆ ಮರದ ಗೆರೆಗಳು ಎದ್ದು ಕಾಣುತ್ತವೆ. ಮೇಲ್ಚಾವಣಿಗೂ ನೀಲಿ ಛಾಯೆಯ ಬಿಳಿಗಿಂತ ಕೆನೆಬಿಳಿಯೇ ಸರಿ. ಪರದೆಗೆ ಬಣ್ಣದಂಚಿನ ತಿಳಿ ಹತ್ತಿ ಬಟ್ಟೆ ಇರಲಿ, ಹಳೆಯ ಕಾಸರಗೋಡು ಸೀರೆ ಇದ್ದರೆ ಇನ್ನೂ ಚೆನ್ನ.

ಬಲ್ಬು ಬದಲಿಸುವ ಯೋಚನೆಯಿದ್ದರೆ ಬಣ್ಣ ಆರಿಸುವ ಮೊದಲೇ ಬದಲಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; 6500 ಕೆಲ್ವಿನಿನ ಬಿಳಿ ಟ್ಯೂಬ್ ಹೊಂಬಣ್ಣವನ್ನು ಹಸಿರಿಗೆ ಎಳೆಯುತ್ತದೆ, 2700ರ ಬಲ್ಬು ಕಿತ್ತಳೆಗೆ ಎಳೆಯುತ್ತದೆ. 3000ದಿಂದ 4000ದ ನಡುವಿನದು ಹಿತ.

ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಶೇಡ್ ಸಂಖ್ಯೆ ಮತ್ತು ತಿಂಗಳನ್ನು ಡಬ್ಬಿಯ ಮೈಮೇಲೆ ಬರೆದಿಡಿ, ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗುತ್ತದೆ. ಮುಂದೆ ಕಲೆ ಬಿದ್ದರೆ ಆ ಜಾಗಕ್ಕೆ ಮಾತ್ರ ಹಚ್ಚದೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ತೆಳುವಾಗಿ ಒಂದು ಕೋಟ್ ಎಳೆದರೆ ತೇಪೆ ಕಾಣುವುದಿಲ್ಲ.