ಹಳೆಯ ನಾಣ್ಯವನ್ನು ಓದುವ ಬಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಒಂದೆರಡು ಹಳೆಯ ನಾಣ್ಯಗಳು ಸಿಗುವುದುಂಟು. ಅವು ಹೇಗೆ ತಯಾರಾದವೆಂಬುದನ್ನು ಒಂದು ಭೂತಗನ್ನಡಿ ಮತ್ತು ಅಕ್ಕಸಾಲಿಗರ ತಕ್ಕಡಿ, ಇಷ್ಟರಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಆದರೆ ಅದಕ್ಕೂ ಮೊದಲು ಹುಣಸೆಹಣ್ಣು ಹಾಕಿ ತಿಕ್ಕುವ ಆಸೆಯನ್ನು ಬಿಡಬೇಕು. ತಿಕ್ಕಿದರೆ ಹೊಳಪು ಬರುತ್ತದೆ, ಅಚ್ಚಿನ ಸೂಕ್ಷ್ಮ ಗೆರೆಗಳು ಹೋಗುತ್ತವೆ.

ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ನೋಡಿ. ಚಿತ್ರವು ನಡುವಿನಿಂದ ಸರಿದು ಅಕ್ಷರಗಳು ಅರ್ಧಕ್ಕೆ ತುಂಡಾಗಿದ್ದರೆ ಅದು ಬಹುಶಃ ಕೈಯಿಂದ ಹೊಡೆದದ್ದು. ತೂಕ ಸರಿಪಡಿಸಿದ ಲೋಹದ ಬಿಲ್ಲೆಯನ್ನು ಕೆಳಗೆ ಭದ್ರವಾಗಿ ನೆಟ್ಟ ಅಚ್ಚಿನ ಮೇಲಿಟ್ಟು, ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಒಳಕೊರೆದ ಇನ್ನೊಂದು ಅಚ್ಚನ್ನು ಅದರ ಮೇಲೆ ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಕೈ ತುಸು ಜಾರಿದರೆ ಚಿತ್ರವೂ ಜಾರಿತು. ಮೈತುಂಬ ಸಣ್ಣ ಗುಳಿಗಳೂ ಅಂಚಿನಲ್ಲಿ ಬೆಸೆದಂಥ ಗೆರೆಯೂ ಕಂಡರೆ ಎರಕ ಹೊಯ್ದದ್ದೆಂದು ಸಂಶಯಪಡಬೇಕು.

ಕೆಳದಿ ಅರಸರ ಚಿನ್ನದ ನಾಣ್ಯವಾದ ಇಕ್ಕೇರಿ ವರಾಹವಾದರೆ ಸುಮಾರು 3.4 ಗ್ರಾಂ ತೂಗಬೇಕು. ಒಂದು ಬದಿಯಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಇರುತ್ತದೆ. ಶಿವಪಾರ್ವತಿಯರನ್ನು ಕಂಡೊಡನೆ ಕೆಳದಿಯದೆಂದು ನಿರ್ಧರಿಸುವುದು ನಮ್ಮ ಕಡೆಯ ಸಾಮಾನ್ಯ ತಪ್ಪು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿಯೂ ಅದೇ ಚಿತ್ರವನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದನು. ಆದ್ದರಿಂದ ಹಿಂಬದಿಯನ್ನು ಓದದೆ ಹೆಸರು ಹೇಳಬಾರದು.

ನಾಣ್ಯದ ಹೆಸರುಗಳನ್ನೂ ಹೀಗೆಯೇ ತಿರುವಿ ನೋಡಬಹುದು. ‘ರೂಪಾಯಿ’ಯ ಮೂಲವಾದ ‘ರೂಪ್ಯ’ವನ್ನು ಪಾಣಿನಿಯು ‘ಆಹತ’, ಅಂದರೆ ಹೊಡೆದು ರೂಪ ಮೂಡಿಸಿದ್ದು, ಎಂಬ ಅರ್ಥದಲ್ಲಿ ಸಾಧಿಸುತ್ತಾನೆ; ಇಲ್ಲಿ ಕೇಳುವುದು ಪೆಟ್ಟಿನ ಸದ್ದು. ಅರಬ್ಬಿಯ ‘ಸಿಕ್ಕಾ’ ಎಂದರೆ ಅಚ್ಚು. ಇಂಗ್ಲಿಷಿನ ‘ಕಾಯಿನ್’ ಲ್ಯಾಟಿನ್ನಿನಲ್ಲಿ ಬೆಣೆ ಎಂಬರ್ಥದ ‘ಕ್ಯೂನಿಯಸ್’ನಿಂದ ಬಂದದ್ದು. ಇವೆರಡೂ ಉಪಕರಣಗಳು. ‘ಮಿಂಟ್’, ‘ಮನಿ’ ಮತ್ತು ಜರ್ಮನ್ನಿನ ‘ಮ್ಯೂನ್ಜೆ’ ಮಾತ್ರ ಸ್ಥಳದ ನೆನಪು: ರೋಮಿನ ಟಂಕಸಾಲೆಯು ಜೂನೋ ಮೊನೇಟಾ ದೇವಿಯ ಗುಡಿಯ ಬಳಿ ಇತ್ತು. ನಮ್ಮಲ್ಲಿ ಟಂಕಸಾಲೆಗೆ ‘ಕಮ್ಮಟ’ವೆಂಬ ಹೆಸರೂ ಇದೆ, ಮಲೆಯಾಳದಲ್ಲಿ ಅದು ‘ಕಮ್ಮಟ್ಟಂ’. ಈಗ ಕಥಾ ಕಮ್ಮಟಕ್ಕೆ ಹೋಗುವವರಲ್ಲಿ ಎಷ್ಟು ಮಂದಿಗೆ ಅಲ್ಲಿ ಸುತ್ತಿಗೆಯ ಸದ್ದು ಕೇಳಿಸುತ್ತದೋ!

ಹಳೆಯ ನಾಣ್ಯ ಸಿಗದವರು ಕಿಸೆಯ ರೂಪಾಯಿಯಿಂದಲೇ ಅಭ್ಯಾಸ ಮಾಡಬಹುದು. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿಯ ಕಮ್ಮಟ, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕಿಯಿದ್ದರೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು.