ತಂದೆ-ತಾಯಿಯರನ್ನು ಕೆನಡಾಕ್ಕೆ ಕರೆಸಿಕೊಳ್ಳುವುದು: ಅರ್ಜಿಗೆ ಮೂರು ವರ್ಷ ಮೊದಲೇ ಶುರುವಾಗುವ ಕೆಲಸ

ಕೆನಡಾದಲ್ಲಿ ನೆಲೆಸಿರುವವರು ತಮ್ಮ ತಂದೆ-ತಾಯಿಯರನ್ನು ಅಥವಾ ಅಜ್ಜ-ಅಜ್ಜಿಯರನ್ನು ಕಾಯಂ ನಿವಾಸಿಗಳಾಗಿ ಕರೆಸಿಕೊಳ್ಳಲು ಅಲ್ಲಿನ ವಲಸೆ ಇಲಾಖೆಯಾದ ಐಆರ್‌ಸಿಸಿ ಒಂದು ಪ್ರತ್ಯೇಕ ಯೋಜನೆಯನ್ನು ನಡೆಸುತ್ತದೆ. ಪೇರೆಂಟ್ಸ್ ಆ್ಯಂಡ್ ಗ್ರ್ಯಾಂಡ್‌ಪೇರೆಂಟ್ಸ್ ಪ್ರೋಗ್ರಾಂ ಎಂಬ ಅದರ ಉದ್ದನೆಯ ಹೆಸರನ್ನು ಎಲ್ಲರೂ ಪಿಜಿಪಿ ಎಂದೇ ಕರೆಯುತ್ತಾರೆ. ಆಹ್ವಾನ ಬಂದ ಮೇಲೆ ಫಾರಂ ತುಂಬಿದರೆ ಸಾಕು ಎಂದು ಬಹಳ ಜನ ಭಾವಿಸಿರುತ್ತಾರೆ. ಆದರೆ ಈ ಅರ್ಜಿಯ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಅದಕ್ಕೂ ಹಿಂದಿನ ಮೂರು ವರ್ಷ ನೀವು ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್‌ಗಳಿಂದ ಮತ್ತು ನಿಮ್ಮ ಕುಟುಂಬದ ತಲೆಯೆಣಿಕೆಯಿಂದ. ಆದ್ದರಿಂದ ಈ ಎರಡು ವಿಷಯಗಳನ್ನು ಇಲ್ಲಿ ಹೆಚ್ಚು ವಿವರವಾಗಿ ಬರೆದಿದ್ದೇನೆ.

ಮೊದಲು ಬಾಗಿಲು ನಿಮಗೆ ತೆರೆದಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಬಾಕಿ ಬಿದ್ದ ಅರ್ಜಿಗಳ ರಾಶಿ ಬೆಳೆದದ್ದರಿಂದ 2011ರ ನವೆಂಬರಿನಲ್ಲಿ ಸರ್ಕಾರ ಹೊಸ ಅರ್ಜಿಗಳನ್ನು ನಿಲ್ಲಿಸಿತ್ತು. ಆಮೇಲೆ ಮತ್ತೆ ತೆರೆದಾಗ ಕೆಲವೊಮ್ಮೆ ಲಾಟರಿ ಮಾಡಿತು, 2019ರ ಜನವರಿ 28ರಂದು ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ಕ್ರಮವನ್ನು ಅನುಸರಿಸಿದಾಗ ಕೆಲವೇ ನಿಮಿಷಗಳಲ್ಲಿ ಅವಕಾಶ ಮುಗಿದುಹೋಯಿತು. 2020ರ ಅಕ್ಟೋಬರ್ 13ರಿಂದ ನವೆಂಬರ್ 3ರವರೆಗೆ ‘ಸ್ಪಾನ್ಸರ್ ಮಾಡಲು (ಅಂದರೆ ಹೊಣೆ ಹೊತ್ತು ಕರೆಸಿಕೊಳ್ಳಲು) ಆಸಕ್ತಿ ಇದೆ’ ಎಂಬ ಫಾರಂಗಳನ್ನು ಸ್ವೀಕರಿಸಲಾಯಿತು. 2021ರಿಂದ 2025ರವರೆಗಿನ ಆಹ್ವಾನಗಳೆಲ್ಲ ಆ ಪಟ್ಟಿಯಲ್ಲಿ ಉಳಿದವರಿಗೇ ಹೋಗಿವೆ. 2025ರ ಜುಲೈ 28ರಿಂದ ಕಳುಹಿಸಲು ಆರಂಭಿಸಿದ ಆಹ್ವಾನಗಳು 17,860. ಆ ಸಾಲಿನಲ್ಲಿ ಸ್ವೀಕರಿಸಲು ಉದ್ದೇಶಿಸಿದ್ದ ಅರ್ಜಿಗಳು 10,000. ನೀವು 2020ರಲ್ಲಿ ಆ ಫಾರಂ ತುಂಬಿದ್ದರೆ ಆಗ ಕೊಟ್ಟ ಇಮೇಲ್ ವಿಳಾಸವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಅದರ ಸ್ಪ್ಯಾಮ್ ಫೋಲ್ಡರನ್ನೂ ಆಗಾಗ ತೆರೆದು ನೋಡಿ. ಆಹ್ವಾನ ಬಂದ ದಿನದಿಂದ ಪೂರ್ಣ ಅರ್ಜಿಯನ್ನು ಇಲಾಖೆಯ ಪಿಆರ್ (ಕಾಯಂ ನಿವಾಸ) ಪೋರ್ಟಲ್ ಮೂಲಕ ಸಲ್ಲಿಸಲು ಸಿಗುವುದು ಅರವತ್ತು ದಿನ ಮಾತ್ರ. ಹಣ ಕೊಟ್ಟರೆ ಆಯ್ಕೆಪಟ್ಟಿಗೆ ಹೆಸರು ಸೇರಿಸುತ್ತೇವೆ ಎನ್ನುವ ಏಜೆಂಟರು ಊರಿನಲ್ಲೂ ಇದ್ದಾರೆ, ಕೆನಡಾದಲ್ಲೂ ಇದ್ದಾರೆ. ಅಂಥ ದಾರಿ ಇಲ್ಲವೇ ಇಲ್ಲ.

ಸ್ಪಾನ್ಸರ್ ಮಾಡುವವರು ಹದಿನೆಂಟು ವರ್ಷ ತುಂಬಿದ, ಕೆನಡಾದಲ್ಲೇ ವಾಸಿಸುತ್ತಿರುವ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ನಿಮ್ಮ ಹೆತ್ತವರನ್ನು ನೀವು ಕರೆಸಬಹುದೇ ಹೊರತು ಅತ್ತೆ-ಮಾವಂದಿರನ್ನು ಕರೆಸಲಾಗದು. ಅವರಿಗಾಗಿ ನಿಮ್ಮ ಪತಿ ಅಥವಾ ಪತ್ನಿಯೇ ಸ್ಪಾನ್ಸರ್ ಆಗಬೇಕು, ನೀವು ಸಹ-ಸಹಿದಾರರಾಗಿ ನಿಮ್ಮ ಆದಾಯವನ್ನು ಅದಕ್ಕೆ ಸೇರಿಸಬಹುದು. ಸಹ-ಸಹಿದಾರರಾಗುವ ಅವಕಾಶ ಬಾಳಸಂಗಾತಿಗೆ ಮಾತ್ರ. ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರೂ ಕೆನಡಾದಲ್ಲೇ ಇದ್ದರೂ ಅವರ ಸಂಬಳವನ್ನು ಲೆಕ್ಕಕ್ಕೆ ಹಿಡಿಯಲಾಗದು.

ಇನ್ನು ತಲೆಯೆಣಿಕೆ. ನೀವು, ನಿಮ್ಮ ಪತಿ ಅಥವಾ ಪತ್ನಿ, ನಿಮ್ಮ ಅವಲಂಬಿತ ಮಕ್ಕಳು, ನೀವು ಕರೆಸಿಕೊಳ್ಳಲಿರುವ ತಂದೆ-ತಾಯಿ, ಹಿಂದೆ ಬೇರೆ ಯಾರನ್ನಾದರೂ ಸ್ಪಾನ್ಸರ್ ಮಾಡಿ ಅವರ ಹೊಣೆ ಹೊರುತ್ತೇನೆಂದು ಬರೆದುಕೊಟ್ಟ ಮುಚ್ಚಳಿಕೆಯ ಅವಧಿ ಇನ್ನೂ ಮುಗಿದಿರದಿದ್ದರೆ ಅವರು, ಇಷ್ಟು ಜನರೂ ಲೆಕ್ಕಕ್ಕೆ ಬರುತ್ತಾರೆ. ಅಮ್ಮ ಮಾತ್ರ ಬರುತ್ತಾರೆ, ಅಪ್ಪ ಜಮೀನು ಬಿಟ್ಟು ಬರುವುದಿಲ್ಲ ಎಂದರೂ ಅಪ್ಪನನ್ನು ಎಣಿಸಲೇಬೇಕು. ಊರಿನಲ್ಲಿ ಓದುತ್ತಿರುವ, ಇಪ್ಪತ್ತೆರಡು ತುಂಬದ, ಮದುವೆಯಾಗದ ತಮ್ಮನಿದ್ದರೆ ಅವನು ಹೆತ್ತವರ ಜೊತೆ ಬರದಿದ್ದರೂ ಒಬ್ಬ ಸದಸ್ಯನೇ. ಇಲ್ಲಿ ಒಂದು ತಲೆ ತಪ್ಪಿದರೆ ಬೇಕಾದ ಆದಾಯದ ಮೊತ್ತವೇ ಬದಲಾಗುತ್ತದೆ.

ಆ ಮೊತ್ತವನ್ನು, ಕುಟುಂಬದ ಗಾತ್ರಕ್ಕೆ ತಕ್ಕಂತೆ ಸರ್ಕಾರ ಗುರುತಿಸುವ ‘ಕಡಿಮೆ ಆದಾಯದ ಗೆರೆ’ಯ ಮೇಲೆ ಶೇ. 30ರಷ್ಟು ಸೇರಿಸಿ ನಿಗದಿ ಮಾಡುತ್ತಾರೆ, ಮತ್ತು ಅರ್ಜಿಗೆ ಹಿಂದಿನ ಮೂರು ತೆರಿಗೆ ವರ್ಷಗಳಲ್ಲಿ ಪ್ರತಿ ವರ್ಷವೂ ಅದನ್ನು ಮುಟ್ಟಿರಬೇಕು. ದಂಪತಿ ಮತ್ತು ಊರಿನಲ್ಲಿರುವ ತಂದೆ-ತಾಯಿ, ಒಟ್ಟು ನಾಲ್ವರು ಎಂದುಕೊಳ್ಳೋಣ. 2025ರ ಸಾಲಿನ ಅರ್ಜಿಗೆ ಅವರು 2022ರಲ್ಲಿ 64,306 ಡಾಲರ್, 2023ರಲ್ಲಿ 66,466 ಡಾಲರ್, 2024ರಲ್ಲಿ 70,972 ಡಾಲರ್ ಆದಾಯ ತೋರಿಸಬೇಕಿತ್ತು. ಅದೇ ಮನೆಯಲ್ಲಿ ಒಂದು ಮಗುವಿದ್ದರೆ ಈ ಮೂರು ಅಂಕಿಗಳು ಕ್ರಮವಾಗಿ 72,935, 75,384 ಮತ್ತು 80,496 ಡಾಲರಿಗೆ ಏರುತ್ತವೆ. ಎರಡು ವರ್ಷ ಧಾರಾಳವಾಗಿ ದುಡಿದು ಒಂದು ವರ್ಷ ನೂರು ಡಾಲರ್ ಕಡಿಮೆ ಬಿದ್ದರೂ ಸರಾಸರಿ ತೆಗೆದು ಸರಿದೂಗಿಸುವ ಕ್ರಮವಿಲ್ಲ.

ಈಗಲೇ ನಿಮ್ಮ ಮೂರು ವರ್ಷಗಳ ನೋಟಿಸ್ ಆಫ್ ಅಸೆಸ್‌ಮೆಂಟ್‌ಗಳನ್ನು (ರಿಟರ್ನ್ ಪರಿಶೀಲಿಸಿ ತೆರಿಗೆ ಇಲಾಖೆ ಕಳುಹಿಸುವ ಪತ್ರಗಳನ್ನು) ಎದುರಿಗೆ ಇಟ್ಟುಕೊಂಡು 15000 ಎಂಬ ಸಾಲನ್ನು ಹುಡುಕಿ. ಕೆನಡಾ ತೆರಿಗೆ ಇಲಾಖೆ ಒಪ್ಪಿಕೊಂಡ ನಿಮ್ಮ ಒಟ್ಟು ಆದಾಯ ಅದೇ. ಸಂಬಳದ ಚೀಟಿಯಲ್ಲೋ ಬ್ಯಾಂಕಿನ ಖಾತೆಯಲ್ಲೋ ಎಷ್ಟೇ ಹಣ ಕಂಡರೂ ಅಧಿಕಾರಿಯ ನೋಟ ನಿಲ್ಲುವುದು ಈ ಸಾಲಿನ ಮೇಲೆ. ಸ್ವಂತ ವ್ಯವಹಾರ ಇರುವವರು ತೆರಿಗೆ ಉಳಿಸಲೆಂದು ಖರ್ಚನ್ನೆಲ್ಲ ತೋರಿಸಿ ಆದಾಯವನ್ನು ತಗ್ಗಿಸಿಕೊಂಡಿರುತ್ತಾರೆ. ಮೂರು ವರ್ಷದ ನಂತರ ಹೆತ್ತವರ ಅರ್ಜಿ ಹಾಕಲು ಹೋದಾಗ ಆ ಉಳಿತಾಯವೇ ಅಡ್ಡ ಬರುತ್ತದೆ. ಹೆರಿಗೆ ಮತ್ತು ಶಿಶುಪಾಲನೆಯ ರಜೆಯಲ್ಲಿ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್‌ನಿಂದ ಬಂದ ಹಣ ಲೆಕ್ಕಕ್ಕೆ ಬರುತ್ತದೆ, ಕೆಲಸ ಕಳೆದುಕೊಂಡಾಗ ಸಿಗುವ ಸಾಮಾನ್ಯ ಭತ್ಯೆ ಬರುವುದಿಲ್ಲ. ಅರ್ಜಿ ಹಾಕಿದ ಮೇಲೂ, ಹೆತ್ತವರಿಗೆ ಪಿಆರ್ ಸಿಗುವವರೆಗೆ ಈ ಅರ್ಹತೆಯನ್ನು ಉಳಿಸಿಕೊಂಡಿರಬೇಕು. ನಡುವೆ ಮನೆಯಲ್ಲಿ ಮಗು ಹುಟ್ಟಿದರೆ ಅದನ್ನು ಇಲಾಖೆಗೆ ತಿಳಿಸಬೇಕು.

ನೀವು ಸಹಿ ಹಾಕುವ ಮುಚ್ಚಳಿಕೆ ಇಪ್ಪತ್ತು ವರ್ಷದ್ದು. ಕ್ವಿಬೆಕ್ ಪ್ರಾಂತ್ಯದಲ್ಲಿ ಅದು ಹತ್ತು ವರ್ಷ, ಅಲ್ಲಿನ ಆದಾಯದ ಲೆಕ್ಕವೂ ಬೇರೆ. ಆ ಅವಧಿಯಲ್ಲಿ ಹೆತ್ತವರು ಸರ್ಕಾರದ ಸಾಮಾಜಿಕ ನೆರವನ್ನು ಪಡೆದರೆ ಆ ಹಣವನ್ನು ನೀವು ತೀರಿಸಬೇಕು, ತೀರಿಸುವವರೆಗೆ ಮತ್ತೊಬ್ಬರನ್ನು ಸ್ಪಾನ್ಸರ್ ಮಾಡುವಂತಿಲ್ಲ. ಕೆಲಸ ಹೋಗಲಿ, ಗಂಡ-ಹೆಂಡತಿ ಬೇರೆಯಾಗಲಿ, ಹೆತ್ತವರು ಕೆನಡಾದ ಪ್ರಜೆಗಳೇ ಆಗಲಿ, ಈ ಹೊಣೆ ಕಳಚುವುದಿಲ್ಲ. ಸಹ-ಸಹಿದಾರರಿಗೂ ಇದು ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಆದಕಾರಣ ಇದನ್ನು ‘ಇಲ್ಲೊಂದು ಸಹಿ ಹಾಕು’ ಎಂದು ಊಟದ ಹೊತ್ತಿನಲ್ಲಿ ಮುಗಿಸುವ ಮಾತು ಮಾಡದೆ ಇಬ್ಬರೂ ಕೂತು ಓದಿ, ಒಪ್ಪಿಗೆಯಾದ ಮೇಲೆ ಸಹಿ ಹಾಕಿ.

ದಾಖಲೆಗಳಲ್ಲಿ ನಮ್ಮವರನ್ನು ಹೆಚ್ಚು ಕಾಡುವುದು ಹೆಸರು. ಪಾಸ್‌ಪೋರ್ಟಿನಲ್ಲಿ ‘ಸಾವಿತ್ರಿ’, ಆಧಾರ್ ಕಾರ್ಡಿನಲ್ಲಿ ‘ಸಾವಿತ್ರಮ್ಮ’, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಇನಿಷಿಯಲ್ ಸೇರಿ ಮೂರನೆಯ ರೂಪ: ಈ ಮೂವರೂ ಒಬ್ಬರೇ ಎಂದು ನಮಗೆ ಹೇಳಬೇಕಾಗಿಲ್ಲ, ಆದರೆ ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಅವರು ಮೂವರು ಬೇರೆ ಬೇರೆ ಹೆಂಗಸರಾಗಿ ಕಾಣಬಹುದು. ಸಂಬಂಧವನ್ನು ಸಾಬೀತುಪಡಿಸುವ ಮುಖ್ಯ ಕಾಗದ ಹೆತ್ತವರ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರ. ಹಳ್ಳಿಯ ಮನೆಯಲ್ಲಿ ಹುಟ್ಟಿ ನೋಂದಣಿಯೇ ಆಗಿರದಿದ್ದರೆ, ದಾಖಲೆ ಲಭ್ಯವಿಲ್ಲ ಎಂಬ ಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು, ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಹೆಸರಿನ ವ್ಯತ್ಯಾಸವನ್ನು ವಿವರಿಸುವ ಅಫಿಡವಿಟ್ ಇವುಗಳನ್ನು ಜೊತೆಗಿಡಬೇಕು. ಅಷ್ಟರಿಂದಲೂ ತೃಪ್ತಿಯಾಗದಿದ್ದರೆ ಇಲಾಖೆ ಡಿಎನ್ಎ ಪರೀಕ್ಷೆಯನ್ನು ಸೂಚಿಸಬಹುದು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು, ಅದನ್ನು ಮನೆಯವರೇ ಮಾಡುವಂತಿಲ್ಲ. ಅರವತ್ತು ದಿನದಲ್ಲಿ ಇದೆಲ್ಲ ಮುಗಿಯುವ ಕೆಲಸವಲ್ಲ; ಮುಂದಿನ ಬಾರಿ ಊರಿಗೆ ಹೋದಾಗಲೇ ತಾಲೂಕು ಕಚೇರಿಯ ಓಡಾಟ ಮುಗಿಸಿಕೊಳ್ಳಿ.

ಫಾರಂನಲ್ಲಿ ಹೆತ್ತವರ ಎಲ್ಲ ಮಕ್ಕಳನ್ನೂ ಬರೆಯಿರಿ. ಜೊತೆಗೆ ಬಾರದ ಅವಲಂಬಿತ ಮಗ ಅಥವಾ ಮಗಳನ್ನು ಮರೆಮಾಚಿದರೆ ಅಥವಾ ಅವರ ವೈದ್ಯಕೀಯ ತಪಾಸಣೆಯನ್ನು ತಪ್ಪಿಸಿದರೆ, ಮುಂದೆ ಅವರನ್ನು ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚಿಹೋಗುತ್ತದೆ.

ವೈದ್ಯಕೀಯ ತಪಾಸಣೆಯನ್ನು ಇಲಾಖೆ ಸೂಚಿಸಿದ ಮೇಲೆ, ಅದರ ಪಟ್ಟಿಯಲ್ಲಿರುವ ವೈದ್ಯರಲ್ಲೇ ಮಾಡಿಸಬೇಕು. ಎದೆಯ ಎಕ್ಸ್‌ರೇ, ಮೂತ್ರ ಪರೀಕ್ಷೆ ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸಹಿತ ರಕ್ತ ಪರೀಕ್ಷೆ ಇರುತ್ತವೆ. ಗಂಡ, ಹೆಂಡತಿ, ಮಕ್ಕಳಿಗೆ ಇರುವ ವಿನಾಯಿತಿ ಹೆತ್ತವರಿಗಿಲ್ಲ: ಅವರ ಚಿಕಿತ್ಸೆಗೆ ಆಗಬಹುದಾದ ಸರ್ಕಾರಿ ವೆಚ್ಚ ಕೆನಡಾದ ತಲಾ ಸರಾಸರಿಯ ಮೂರು ಪಟ್ಟನ್ನು ಮೀರುವಂತಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಹೆದರಬೇಕಾಗಿಲ್ಲ. ಡಯಾಲಿಸಿಸ್ ಹಂತದ ಕಾಯಿಲೆಯಿದ್ದರೆ ವಲಸೆ ವಕೀಲರನ್ನು ಮೊದಲೇ ಕಾಣುವುದು ಒಳ್ಳೆಯದು. ಅಪ್ಪನಿಗೆ ಇರುವ ಕಾಯಿಲೆಯನ್ನು ವೈದ್ಯರ ಎದುರು ಮುಚ್ಚಿಡಲು ಮಾತ್ರ ಎಂದೂ ಹೇಳಿಕೊಡಬೇಡಿ.

2020ರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕೈಗೆಟುಕುವ ದಾರಿ ಸೂಪರ್ ವೀಸಾ, ಅಂದರೆ ಹೆತ್ತವರು ಮತ್ತು ಅಜ್ಜ-ಅಜ್ಜಿಯರಿಗೆ ಕೊಡುವ ದೀರ್ಘಾವಧಿಯ ಭೇಟಿ ವೀಸಾ. 2022ರ ಜುಲೈ 4ರಿಂದ ಇದರಲ್ಲಿ ಒಮ್ಮೆ ಬಂದವರು ಐದು ವರ್ಷದವರೆಗೆ ಇರಬಹುದು, ವೀಸಾ ಹತ್ತು ವರ್ಷದವರೆಗೂ ಸಿಗಬಹುದು. ಆದಾಯದ ಗೆರೆಗೆ ಶೇ. 30 ಸೇರಿಸುವುದಿಲ್ಲ. ಆದರೆ ಕನಿಷ್ಠ 1,00,000 ಡಾಲರಿನ, ಒಂದು ವರ್ಷದ ವೈದ್ಯಕೀಯ ವಿಮೆ ಬೇಕು, ವಯಸ್ಸಾದಂತೆ ಅದರ ಕಂತು ಭಾರವಾಗುತ್ತದೆ. ವಿಮೆ ಕೊಳ್ಳುವಾಗ ಈಗಾಗಲೇ ಇರುವ ಕಾಯಿಲೆಗಳ ಷರತ್ತನ್ನು ಸಾಲು ಸಾಲಾಗಿ ಓದಿ, ಏಕೆಂದರೆ ಕ್ಲೇಮ್‌ಗಳು ಸಾಮಾನ್ಯವಾಗಿ ಬಿದ್ದುಹೋಗುವುದು ಅಲ್ಲೇ. ಹೆತ್ತವರಿಗೆ ಆ ನೆಲ ಒಗ್ಗುತ್ತದೆಯೇ ಎಂದು ತಿಳಿಯಲು ನನಗೆ ತೋರುವಂತೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಜುಲೈಯಲ್ಲಿ ಬಂದು ಸೆಪ್ಟೆಂಬರಿನಲ್ಲಿ ಮರಳಿದವರ ಮಾತನ್ನು ನೆಚ್ಚಬೇಡಿ. ಐದು ಗಂಟೆಗೆ ಮುಂಚೆಯೇ ಕತ್ತಲಾಗುವ ಡಿಸೆಂಬರಿನಲ್ಲಿ, ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮ ಏನು ಹೇಳುತ್ತಾರೆಂಬುದನ್ನು ಕೇಳಿ, ಆಮೇಲೆ ಪಿಆರ್ ಬಗ್ಗೆ ತೀರ್ಮಾನಿಸಿ.

ಪಿಆರ್ ಸಿಕ್ಕಿ ಬಂದಿಳಿದ ಮೇಲೆ ಕಾರ್ಡ್ ಅಂಚೆಯಲ್ಲಿ ಕೆನಡಾದ ವಿಳಾಸಕ್ಕೆ ಬರುತ್ತದೆ. ಅದು ಕೈಸೇರುವ ಮೊದಲು ಊರಿಗೆ ಹೋದರೆ ಮರಳಿ ವಿಮಾನ ಹತ್ತಲು ಬೇರೆ ಪ್ರಯಾಣ ದಾಖಲೆ ಮಾಡಿಸಬೇಕಾಗುತ್ತದೆ, ಆದ್ದರಿಂದ ಹಿಂದಿರುಗುವ ಟಿಕೆಟನ್ನು ಹತ್ತಿರದ ದಿನಕ್ಕೆ ಕೊಳ್ಳಬೇಡಿ. ಪಿಆರ್ ಉಳಿಯಲು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ಊರಿನ ಮನೆ, ತೋಟ ನೋಡಿಕೊಂಡು ಹೋಗಿ ಬರುವವರು ದಿನಗಳ ಲೆಕ್ಕವನ್ನು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಓಲ್ಡ್ ಏಜ್ ಸೆಕ್ಯುರಿಟಿ ಎಂಬ ವೃದ್ಧಾಪ್ಯ ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು. ಇನ್ನು ಆರೋಗ್ಯ ಕಾರ್ಡ್: ಬ್ರಿಟಿಷ್ ಕೊಲಂಬಿಯಾದಂಥ ಪ್ರಾಂತ್ಯದಲ್ಲಿ ಬಂದ ತಿಂಗಳ ಉಳಿದ ದಿನಗಳು ಮತ್ತು ಆನಂತರದ ಎರಡು ತಿಂಗಳು ಕಾಯಬೇಕಾಗುವುದರಿಂದ, ಅಷ್ಟು ಅವಧಿಗೆ ಖಾಸಗಿ ವಿಮೆಯನ್ನು ಅವರು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಮಾಡಿಸಿ, ಪಾಲಿಸಿಯ ಪ್ರತಿಯನ್ನು ಅಮ್ಮನ ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೇ ಇಡಲು ಹೇಳಿ.